ಟ್ಯೂಬಿಲ್ಲದ ಚಕ್ರ

ಈ ಯುಗಾದಿಯ ದಿನ ಸಂಘದ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಸೈಕಲಿನ ಎರಡು ಚಕ್ರಕ್ಕೆ ನೀವು ಇಪ್ಪತ್ತೆಂಟು ಸಾವಿರ ರೂಪಾಯಿ ಕೊಟ್ಟಿರಂತೆ, ಹೌದೇ? ಅದರೊಳಗೆ ಟ್ಯೂಬು ಕೂಡ ಇಲ್ಲವಂತೆ!" ಹೌದು ಎಂದೆವು. ಅವರು ಮುಂದೆ ಮಾತಾಡಲಿಲ್ಲ. ಟ್ಯೂಬು ಇಲ್ಲವೆಂದ ಮೇಲೆ ಬೆಲೆ ಇಳಿಯಬೇಕಿತ್ತಲ್ಲ ಎಂಬ ಮುಖ ಮಾಡಿ ಹೋಳಿಗೆ ಮುರಿದರು.

ಪಂಕ್ತಿಯಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. "ನಾವು" ಎಂದುದಕ್ಕೆ ವಾಚಕರು ನಗಬಾರದು. ಹನ್ನೆರಡು ವರ್ಷ ಸರಕಾರಿ ಕಚೇರಿಯಲ್ಲಿ ಕಡತಗಳ ಮೇಲೆ ಟಿಪ್ಪಣಿ ಬರೆದ ಕೈ ಇದು. ಒಬ್ಬನೇ ಹೊಣೆ ಹೊರುವ ವಾಕ್ಯ ಅದಕ್ಕೆ ಬರೆಯಲು ಬಾರದು. ಅಲ್ಲದೆ ಈ ವಿಷಯದಲ್ಲಿ ಹೊಣೆ ನಮ್ಮೊಬ್ಬರದೂ ಅಲ್ಲ.

ನಾವಿರುವುದು ಗೋರೆಗಾಂವ್ ಪೂರ್ವದಲ್ಲಿ, ಕಚೇರಿ ಇರುವುದು ಬಾಂದ್ರಾ ಪೂರ್ವದಲ್ಲಿ. ನಡುವೆ ಹದಿನಾಲ್ಕು ಕಿಲೋಮೀಟರು. ಲೋಕಲ್ ಗಾಡಿಯ ಬಾಗಿಲಿನ ಕಂಬ ಹಿಡಿದು ಏಳು ವರ್ಷ ಹೋದೆವು. ಐದು ವರ್ಷದಿಂದ ಸೈಕಲಿನಲ್ಲಿ ಹೋಗುತ್ತಿದ್ದೇವೆ. ಈ ಸೈಕಲ್ಲು ಪವಾಯಿಯಲ್ಲಿದ್ದ ಇಂಜಿನಿಯರರೊಬ್ಬರು ಪರದೇಶಕ್ಕೆ ಹೊರಟಾಗ ಅರ್ಧ ಬೆಲೆಗೆ ಬಿಟ್ಟುಹೋದದ್ದು. ಜಾತಿಯಲ್ಲಿ ಅದು 'ಸೈಕ್ಲೋಕ್ರಾಸ್' ಸೈಕಲ್ಲು. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಬಾಗಿದೆ. ನೋಡಿದವರು ರೇಸಿನ ಸೈಕಲ್ಲು ಎನ್ನುತ್ತಾರೆ. ಆದರೆ ಚೌಕಟ್ಟಿಗೂ ಚಕ್ರಕ್ಕೂ ನಡುವೆ ಕೆಸರು ಸಿಕ್ಕಿಕೊಳ್ಳದಷ್ಟು ಜಾಗವಿದೆ, ಬ್ರೇಕು ಮೋಟಾರ್ ಸೈಕಲಿನಂತೆ ತಟ್ಟೆಯ ಬ್ರೇಕು.

ಸೈಕ್ಲೋಕ್ರಾಸ್ ಎಂದರೇನೆಂದು ನಮಗೂ ಆಗ ಗೊತ್ತಿರಲಿಲ್ಲ. ಫ್ರಾನ್ಸ್, ಬೆಲ್ಜಿಯಂ ಕಡೆ ಚಳಿಗಾಲದಲ್ಲಿ ಹೊಲಗದ್ದೆ, ಮರಳು, ಕೆಸರುಗಳಲ್ಲಿ ಸುಮಾರು ಒಂದು ಗಂಟೆ ಸುತ್ತುಹೊಡೆಯುವ ಪಂದ್ಯ ಅದು. ಸವಾರಿ ಸಾಗದ ಕಡೆ ಇಳಿದು, ಸೈಕಲನ್ನು ಹೆಗಲಿಗೇರಿಸಿ, ಮೆಟ್ಟಿಲು ಹತ್ತಿ ಓಡಬೇಕು. 1902ರಲ್ಲಿ ಫ್ರಾನ್ಸಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. 1950ರಲ್ಲಿ ಪ್ಯಾರಿಸಿನಲ್ಲಿ ಮೊದಲ ವಿಶ್ವ ಪಂದ್ಯವಾಯಿತು, ಜಾನ್ ರೋಬಿಕ್ ಗೆದ್ದರು. ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು, "ಮೂರನೆಯ ಮಾಳಿಗೆಗೆ ದಿನಾ ಸೈಕಲ್ಲು ಹೊತ್ತುಕೊಂಡು ಹತ್ತುತ್ತೀರಲ್ಲ, ನೀವೂ ಅದೇ ಪಂದ್ಯದವರೇ" ಎಂದರು. ಜೂನ್ ತಿಂಗಳಲ್ಲಿ ಈ ಊರಿನ ರಸ್ತೆ ನೋಡಿದವರಿಗೆ ಆ ಮಾತಿನ ಉಳಿದರ್ಧವೂ ತಿಳಿದೀತು.

ಹೋದ ವರ್ಷ ಜುಲೈ ತಿಂಗಳ ಒಂದು ಬೆಳಗ್ಗೆ ಎಂಟೂಕಾಲರ ಸುಮಾರಿಗೆ ನಾವು ಬಿದ್ದೆವು. ರಾತ್ರಿಯಿಡೀ ಮಳೆ ಸುರಿದಿತ್ತು. ಹೆದ್ದಾರಿಗೆ ಸೇರುವ ಮೊದಲಿನ ರಸ್ತೆಯಲ್ಲಿ ನೀರು ನಿಂತು, ನೆಲ ಯಾವುದು ಗುಂಡಿ ಯಾವುದು ಎಂದು ತಿಳಿಯದಂತಿತ್ತು. ಮುಂದಿನ ಚಕ್ರ ಇಳಿಯಿತು, ಗುಂಡಿಯ ಆಚೆಯ ಅಂಚಿಗೆ ಬಡಿಯಿತು, ಕಣ್ಣುಮುಚ್ಚಿ ತೆರೆಯುವುದರೊಳಗೆ ಗಾಳಿ ಹೋಯಿತು. ಗಾಳಿಯಿಲ್ಲದ ಟಾಯರು ಬಾಳೆಸಿಪ್ಪೆಯ ಹಾಗೆ ಜಾರುತ್ತದೆ. ಎಡಭುಜ ಮೊದಲಾಗಿ ನೆಲಕ್ಕೆ ಬಂದೆವು. ಹಿಂದೆ ಬೆಸ್ಟ್ ಬಸ್ಸು ಬರುತ್ತಿತ್ತು. ಅದು ನಿಂತಿತು. ನಮ್ಮ ತಲೆಗೂ ಅದರ ಮುಂದಿನ ಚಕ್ರಕ್ಕೂ ನಡುವೆ ಎರಡು ಗೇಣು ಜಾಗವಿತ್ತೆಂದು ನೋಡಿದವರು ಹೇಳಿದರು. ಚಾಲಕರು ಇಳಿದು ಬಂದರು, ಬೈಯಲಿಲ್ಲ, ನೀರಿನಲ್ಲಿ ತೇಲುತ್ತಿದ್ದ ನಮ್ಮ ಊಟದ ಡಬ್ಬಿಯನ್ನು ಎತ್ತಿಕೊಟ್ಟರು. ಅವರ ಕೈ ನಮ್ಮ ಕೈಗಿಂತ ಹೆಚ್ಚು ನಡುಗುತ್ತಿತ್ತು.

ಕೊರಳೆಲುಬು ಮುರಿದಿತ್ತು. ಎಡಗೈಯನ್ನು ಜೋಳಿಗೆಯಲ್ಲಿ ಕಟ್ಟಿ ಆರು ವಾರ ಮನೆಯಲ್ಲಿ ಕುಳ್ಳಿರಿಸಿದರು.

ಬಸ್ಸಿನ ವಿಷಯವನ್ನು ನಾವು ಮನೆಯಲ್ಲಿ ಹೇಳಿರಲಿಲ್ಲ. ನೋಡಲು ಬಂದ ಕಚೇರಿಯ ಮಿತ್ರರೊಬ್ಬರು ಚಹ ಕುಡಿಯುತ್ತ ಹೇಳಿಬಿಟ್ಟರು. ಮನೆಯವರು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ. ಮೂರನೆಯ ದಿನ ರಾತ್ರಿ, ಮಗಳು ಮಲಗಿದ ಮೇಲೆ, ಹೀಗೆಂದರು: "ಸೈಕಲ್ಲು ಮಾರಿ ಎನ್ನುವುದಿಲ್ಲ. ಮಾರಿದರೆ ಮತ್ತೆ ಲೋಕಲಿನ ಬಾಗಿಲಲ್ಲಿ ನೇತಾಡುತ್ತೀರಿ. ಅದೂ ನನಗೆ ಬೇಡ. ಆ ದಿನ ಯಾಕೆ ಬಿದ್ದಿರಿ ಎಂದು ನನಗೆ ಅರ್ಥವಾಗುವಂತೆ ಹೇಳಿ. ಅದು ಇನ್ನೊಮ್ಮೆ ಆಗದಂತೆ ಏನು ಮಾಡುತ್ತೀರಿ ಅದನ್ನೂ ಹೇಳಿ. ರಸ್ತೆಯವರು ಗುಂಡಿ ಮುಚ್ಚುತ್ತಾರೆ ಎಂದು ಮಾತ್ರ ಹೇಳಬೇಡಿ."

ಕಚೇರಿಯಲ್ಲಿ ಎಷ್ಟೋ ಮೇಲಧಿಕಾರಿಗಳು ನಮ್ಮಿಂದ ವರದಿ ಕೇಳಿದ್ದಾರೆ. ಇಷ್ಟು ಖಚಿತವಾಗಿ ಯಾರೂ ಕೇಳಿರಲಿಲ್ಲ.

ಮೊದಲನೆಯ ಪ್ರಶ್ನೆಗೆ ಉತ್ತರ ಬೀದಿಯ ಮೂಲೆಯ ಪಂಚರಿನ ಚಾಚಾ ಅವರಲ್ಲಿ ಸಿಕ್ಕಿತು. ಅವರು ಮುಂದಿನ ಟ್ಯೂಬನ್ನು ಹೊರಗೆಳೆದು ತೋರಿಸಿದರು. ಅದರಲ್ಲಿ ಮೊಳೆ ಚುಚ್ಚಿದ ಗುರುತಿರಲಿಲ್ಲ. ಅಕ್ಕಪಕ್ಕದಲ್ಲಿ ಎರಡು ಸೀಳುಗಳಿದ್ದವು, ಹಾವು ಕಚ್ಚಿದ ಹಾಗೆ. ಗುಂಡಿಯ ಅಂಚಿಗೂ ರಿಮ್ಮಿನ ಅಂಚಿಗೂ ನಡುವೆ ಟ್ಯೂಬು ಸಿಕ್ಕಿ ಜಜ್ಜಿಹೋಗಿತ್ತು. ಹೀಗಾಗದಿರಬೇಕಾದರೆ ಗಾಳಿ ಹೆಚ್ಚು ಹಾಕಬೇಕು. ಹೆಚ್ಚು ಹಾಕಿದರೆ ಟಾಯರು ಕಲ್ಲಿನಂತಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ, ಎಲುಬುಗಳೂ ಅದುರುತ್ತವೆ. ಕಡಿಮೆ ಹಾಕಿದರೆ ಹಿಡಿತ ಬರುತ್ತದೆ, ಟ್ಯೂಬು ಜಜ್ಜುತ್ತದೆ. ಅತ್ತ ದರಿ ಇತ್ತ ಪುಲಿ. ಜಜ್ಜುವ ಟ್ಯೂಬೇ ಇಲ್ಲದಿದ್ದರೆ? ಎಂದು ನಾವು ಕೇಳಿದೆವು. ಚಾಚಾ ನಕ್ಕರು: "ಸಾಬ್, ಮೋಟಾರ್ ಸೈಕಲಿಗೆ ಬಂದು ಎಷ್ಟೋ ವರ್ಷವಾಯಿತು."

ಸೈಕಲಿಗೂ ಬಂದು ವರ್ಷಗಳಾಗಿದ್ದವು. ಕೂತು ಓದಿದಾಗ ಈ ಟಾಯರಿನ ಕಥೆ ನಾವೆಣಿಸಿದ್ದಕ್ಕಿಂತ ರಂಜಕವಾಗಿತ್ತು. ಗಾಳಿ ತುಂಬಿದ ಟಾಯರಿಗೆ ಮೊದಲು ಹಕ್ಕು ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಷ್ಟು ಹಿಂದೆ. ಹಾಕಿಕೊಳ್ಳಲು ಸೈಕಲ್ಲುಗಳೇ ಇಲ್ಲದ ಕಾಲ, ಲೋಕ ಮರೆತುಬಿಟ್ಟಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲು ಕಲ್ಲಿನ ಮೇಲೆ ಕುಣಿಯದಿರಲೆಂದು ಯೋಚಿಸುತ್ತ, ಅದನ್ನೇ ಎರಡನೆಯ ಸಲ ಕಂಡುಹಿಡಿದ. ಆ ಟಾಯರನ್ನು ರಿಮ್ಮಿಗೆ ಅಂಟಿಸಬೇಕಾಗಿತ್ತು. ತೂತಾದರೆ ಅರ್ಧ ದಿನದ ಕೆಲಸ. 1891ರಲ್ಲಿ ಫ್ರಾನ್ಸಿನ ಮಿಶ್ಲಿನ್ ಸಹೋದರರು ಕೈಯಿಂದ ಬಿಚ್ಚಿ ಹಾಕುವ ಟಾಯರು ಮಾಡಿದರು. ಅದೇ ವರ್ಷ ಶಾರ್ಲ್ ತೆರೋಂ ಎಂಬಾತ ಅದನ್ನು ಹಾಕಿಕೊಂಡು ಪ್ಯಾರಿಸಿನಿಂದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಹಿಂದಿರುಗಿ, ಸುಮಾರು 1200 ಕಿಲೋಮೀಟರು ತುಳಿದು, ಪಂದ್ಯ ಗೆದ್ದ. ಅಮೆರಿಕದ ಮೋಟಾರು ಕಾರುಗಳು 1950ರ ದಶಕದಲ್ಲೇ ಟ್ಯೂಬನ್ನು ಬಿಟ್ಟವು. ಸೈಕಲಿನಲ್ಲಿ 1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪೆನಿ ಬೆಟ್ಟದ ಸೈಕಲಿಗೆಂದು ಟ್ಯೂಬಿಲ್ಲದ ಚಕ್ರ ತಂದಿತು. ಡಾಂಬರು ರಸ್ತೆಯ ಸೈಕಲಿಗೆ ಬರಲು ಇನ್ನೂ ಏಳೆಂಟು ವರ್ಷ ಹಿಡಿಯಿತು.

ಉಪಾಯ ಸರಳವಾದುದು. ರಿಮ್ಮಿನ ಒಳಗಿನ ಕಡ್ಡಿತೂತುಗಳನ್ನು ಗಾಳಿ ಹೋಗದ ಪಟ್ಟಿಯಿಂದ ಮುಚ್ಚುವುದು. ವಾಲ್ವನ್ನು ರಿಮ್ಮಿಗೇ ಬಿಗಿಯುವುದು. ಟಾಯರಿನ ಅಂಚು ರಿಮ್ಮಿನ ಅಂಚಿಗೆ ಗಟ್ಟಿಯಾಗಿ ಕೂರುವಂತೆ ಮಾಡುವುದು. ಒಳಗೆ ಒಂದೆರಡು ಔನ್ಸು ಅಂಟುದ್ರವ ಸುರಿಯುವುದು. ಚಿಕ್ಕ ತೂತಾದರೆ ಆ ದ್ರವ ಅಲ್ಲಿಗೆ ಹರಿದು ಹೆಪ್ಪುಗಟ್ಟಿ ಮುಚ್ಚುತ್ತದೆ.

ಇನ್ನು ಯಾವ ಚಕ್ರ? ನಮ್ಮ ಸವಾರಿ ಎರಡು ತರಹದ್ದು. ವಾರದ ದಿನಗಳಲ್ಲಿ ಹೆದ್ದಾರಿಯ ಡಾಂಬರು, ಕಾಂಕ್ರೀಟು. ಭಾನುವಾರ ನಸುಕಿನಲ್ಲಿ ಆರೇ ಕಾಲೊನಿಯ ಮರಗಳ ಕೆಳಗೆ, ಮಳೆಗಾಲದಲ್ಲಿ ಕೆಂಪು ಕೆಸರಿನ ಒಳದಾರಿಗಳಲ್ಲಿ. ಇಲ್ಲವೇ ಮಲಾಡಿನಿಂದ ಮಾರ್ವೆಗೆ ಹೋಗಿ, ಸೈಕಲನ್ನು ದೋಣಿಗೆ ಹತ್ತಿಸಿ, ಖಾರಿಯಾಚೆ ಮನೋರಿಯಲ್ಲಿ ಇಳಿದು, ಗೊರಾಯಿ, ಉತ್ತನ್ ದಾಟಿ ಭಾಯಂದರಿನವರೆಗೆ. ಆ ದಾರಿಯಲ್ಲಿ ಮರಳಿದೆ, ಮೀನು ಒಣಗಿಸುವ ಕಂಬಗಳಿವೆ, ಇಗರ್ಜಿಗಳಿವೆ. ಪಡುಗಡಲಿನ ಗಾಳಿ ಮುಖಕ್ಕೆ ಬಡಿದಾಗ ಊರಿಗೆ ಹೋಗಿ ಬಂದ ಹಾಗಾಗುತ್ತದೆ. ಕರಾವಳಿಯ ಓದುಗರು ಒಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಸೈಕಲ್ಲೇ ಬೇಕೆಂದಿಲ್ಲ.

ಎರಡು ಸವಾರಿಗೆ ಎರಡು ಜೊತೆ ಚಕ್ರ ಕೊಳ್ಳುವವರಿದ್ದಾರೆ. ನಮಗೆ ಒಂದು ಜೊತೆಗೇ ತುಟ್ಟಿಭತ್ಯೆಯ ಬಾಕಿ ಬೇಕಾಯಿತು. ಆ ಬಾಕಿಯ ಮೂವತ್ತೊಂದು ಸಾವಿರ ಬಟ್ಟೆ ಒಗೆಯುವ ಯಂತ್ರಕ್ಕೆಂದು ಮೊದಲೇ ಮನಸ್ಸಿನಲ್ಲಿ ಖರ್ಚಾಗಿತ್ತು. ಮನೆಯವರು ಆಸ್ಪತ್ರೆಯ ರಸೀದಿಗಳನ್ನು ಕೂಡಿಸಿ ನೋಡಿ, "ಬಟ್ಟೆ ಕೈಯಲ್ಲೇ ಒಗೆಯೋಣ. ನಿಮ್ಮ ಎಡಗೈ ಗುಣವಾದ ಮೇಲೆ ಹಿಂಡುವ ಕೆಲಸ ನಿಮ್ಮದು" ಎಂದರು. ಈಗಲೂ ಅದು ನಮ್ಮದೇ.

ದೊಡ್ಡ ಅಂಗಡಿಯೊಂದರಲ್ಲಿ ತರುಣನೊಬ್ಬ ಕರಿಯ ಕಾರ್ಬನ್ ಚಕ್ರ ತೋರಿಸಿದ. ಎತ್ತಿ ನೋಡಿದರೆ ಹಪ್ಪಳದಷ್ಟು ಹಗುರ. ರಿಮ್ಮಿನ ಅಂಚನ್ನು ಸವರಿ ನೋಡಿದೆವು: ಒಳಮುಖವಾಗಿ ಬಾಗಿದ ಕೊಕ್ಕೆ ಇರಲಿಲ್ಲ, ಗೋಡೆ ನೇರವಾಗಿತ್ತು. ಈಗಿನ ಕಾರ್ಬನ್ ರಿಮ್ಮುಗಳಲ್ಲಿ ಇದು ಬಹಳ ಬಳಕೆಗೆ ಬಂದಿದೆ. ಮಾಡುವುದು ಸುಲಭ, ತೂಕವೂ ಕಡಿಮೆ. ಆದರೆ ಟಾಯರನ್ನು ಹಿಡಿಯುವ ಕೊಕ್ಕೆಯಿಲ್ಲವಾದ್ದರಿಂದ ಅದಕ್ಕೆ ಚದರಂಗುಲಕ್ಕೆ 72 ಪೌಂಡಿಗಿಂತ (ಅರ್ಥಾತ್ 5 ಬಾರ್) ಹೆಚ್ಚು ಗಾಳಿ ಕೂಡದು. ರಿಮ್ಮಿನವರು ಒಪ್ಪಿದ ಟಾಯರುಗಳನ್ನೇ ಹಾಕಬೇಕು, ಬಲು ಸಪೂರವಾದದ್ದು ನಡೆಯದು. 2024ರ ಫೆಬ್ರವರಿಯಲ್ಲಿ ಯು.ಎ.ಇ. ಟೂರ್ ಪಂದ್ಯದಲ್ಲಿ ಬೆಲ್ಜಿಯಂನ ತೋಮಸ್ ದ ಗೆಂಟ್ ಬಿದ್ದು, ಟಾಯರು ರಿಮ್ಮಿನಿಂದ ಹೊರಬಂದ ಚಿತ್ರಗಳನ್ನು ಲೋಕವೆಲ್ಲ ನೋಡಿದ ಮೇಲೆ ಈ ಕುರಿತು ದೊಡ್ಡ ವಾದವೇ ಎದ್ದಿತು. ರಿಮ್ಮಿನ ತಪ್ಪೋ ದಾರಿಯ ಕಲ್ಲಿನ ತಪ್ಪೋ, ಅದನ್ನು ಬಲ್ಲವರು ತೀರ್ಮಾನಿಸಲಿ. ನಮ್ಮ ಲೆಕ್ಕ ಬೇರೆ. ನಾವು ಗಾಳಿ ಹಾಕಿಸುವುದು ಪೆಟ್ರೋಲು ಬಂಕಿನಲ್ಲಿ. ಅಲ್ಲಿಯ ಮುಳ್ಳು ಒಂದು ದಿನ 60 ತೋರಿಸಿದ್ದನ್ನು ಮರುದಿನ 75 ಎನ್ನುತ್ತದೆ. ಇಂಥ ಮುಳ್ಳನ್ನು ನಂಬಿ 72ರ ಗಡಿಯ ಚಕ್ರವನ್ನು ಸಾಕುವುದು ಕ್ಷೇಮವಲ್ಲ. ಮನೆಯವರು ಒಂದೇ ಮಾತು ಕೇಳಿದರು: "ಕೊಕ್ಕೆ ಇರುವುದು ಸಿಗುತ್ತದೆಯೇ?" ಸಿಗುತ್ತದೆ. ಅಲ್ಯುಮಿನಿಯಂ ರಿಮ್ಮುಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ಕೊಕ್ಕೆ ಇದೆ, ಬೆಲೆಯೂ ಕಡಿಮೆ. ಗುಂಡಿಗೆ ಬಿದ್ದು ಸೊಟ್ಟಗಾದರೆ ತಟ್ಟಿ ಸರಿಮಾಡಬಹುದು. ಕಾರ್ಬನ್ ಬಿರುಕು ಬಿಟ್ಟರೆ ಮುಗಿಯಿತು.

ಎರಡನೆಯದು ಅಗಲ. ಸೈಕ್ಲೋಕ್ರಾಸ್ ಪಂದ್ಯದಲ್ಲಿ ಟಾಯರು 33 ಮಿಲಿಮೀಟರು ಮೀರಬಾರದೆಂದು ಅಂತರರಾಷ್ಟ್ರೀಯ ಸಂಸ್ಥೆಯ ಕಟ್ಟಳೆ. ನಮಗೆ ಆ ಕಟ್ಟಳೆ ಯಾಕೆ? ಆದರೂ ಆ ಅಳತೆ ನಮ್ಮ ಸೈಕಲಿಗೆ ಹೊಂದುತ್ತಿತ್ತು. ಹಳೆಯ ರಿಮ್ಮಿನ ಒಳಗಲ 17 ಮಿಲಿಮೀಟರು. ಅದರ ಮೇಲೆ 33ರ ಟಾಯರು ವಿದ್ಯುದ್ದೀಪದ ಬುರುಡೆಯ ಹಾಗೆ ಉಬ್ಬಿ, ತಿರುವಿನಲ್ಲಿ ಮಗುಚುತ್ತಿತ್ತು. 21ರಿಂದ 23ರ ಒಳಗಲವಾದರೆ ಕೆಸರಿನ 33ಕ್ಕೂ ಸರಿ, ಡಾಂಬರಿನ 30ಕ್ಕೂ ಸರಿ. ನಾವು 22ರದ್ದನ್ನು ಆರಿಸಿದೆವು. ಎರಡು ಜೊತೆ ಚಕ್ರ ಕೊಳ್ಳಲಾಗದವರಿಗೆ ಇದೇ ದಾರಿ: ಚಕ್ರ ಒಂದೇ, ಟಾಯರು ಎರಡು ಜೊತೆ. ಜೂನಿನಿಂದ ದೀಪಾವಳಿಯವರೆಗೆ ಮುಳ್ಳುಮುಳ್ಳಿನ ಟಾಯರು. ದೀಪಾವಳಿಯಿಂದ ಮುಂಗಾರಿನವರೆಗೆ ನುಣುಪಿನದು. ಬೆಲ್ಜಿಯಂನವರಿಗೆ ಕೆಸರು ಚಳಿಗಾಲದಲ್ಲಿ ಬಂದರೆ ನಮಗೆ ಶ್ರಾವಣದಲ್ಲಿ ಬರುತ್ತದೆ, ಅಷ್ಟೇ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇವೆ. ಕಡ್ಡಿಗಳು ಚಕ್ರಕ್ಕೆ 28, ತಲೆ ಬಾಗಿದ ಸಾಮಾನ್ಯ ಜಾತಿಯವು. ಒಂದು ಮುರಿದರೆ ಯಾವ ಅಂಗಡಿಯಲ್ಲೂ ಸಿಗಬೇಕು. ರಿಮ್ಮಿನೊಳಗೆ ಕಡ್ಡಿಯನ್ನು ಹಿಡಿಯುವ ನಿಪ್ಪಲ್ಲುಗಳು ಹಿತ್ತಾಳೆಯವು. ಮಾರ್ವೆಯ ಉಪ್ಪುಗಾಳಿ ಅಲ್ಯುಮಿನಿಯಂ ನಿಪ್ಪಲ್ಲನ್ನು ಒಂದೆರಡು ಮಳೆಗಾಲದಲ್ಲಿ ತಿಂದುಹಾಕುತ್ತದೆ. ಅಚ್ಚು, ಬ್ರೇಕಿನ ತಟ್ಟೆ, ಹಲ್ಲುಚಕ್ರ ಕೂರುವ ಭಾಗ ಇವು ತಮ್ಮ ಸೈಕಲಿಗೆ ಹೊಂದುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ನಾವು ನೋಡಿಕೊಳ್ಳದೆ ಒಮ್ಮೆ ಹಿಂದಿರುಗಿಸಿ ಬಂದವರು.

ಕೊಳ್ಳುವ ಮೊದಲು ಚಾಚಾ ಅವರ ಅಭಿಪ್ರಾಯ ಕೇಳಿದೆವು. ಅವರು ಒಂದೇ ಪ್ರಶ್ನೆ ಹಾಕಿದರು: "ಇದು ಕೈಕೊಟ್ಟ ದಿನ ಒಳಗೆ ಟ್ಯೂಬು ಹಾಕಬಹುದೇ?" ಹಾಕಬಹುದು, ಎಂದೆವು. "ಸಾಬ್, ನಿಮ್ಮ ಎರಡು ಹೆಬ್ಬೆರಳಿಂದ ಟಾಯರು ಬಿಚ್ಚಲು ಬರುತ್ತದೆಯೇ? ಇಲ್ಲಿ ನಾನಿದ್ದೇನೆ. ಉತ್ತನಿನಲ್ಲಿ ಯಾರಿದ್ದಾರೆ?" ಇಷ್ಟು ಓದಿದ್ದರೂ ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಟ್ಯೂಬಿಲ್ಲದ ಟಾಯರಿನ ಅಂಚು ಬಹಳ ಬಿಗಿ. ಕೆಲವು ರಿಮ್ಮು, ಕೆಲವು ಟಾಯರು ಕೂಡಿದರೆ ಪೈಲವಾನನ ಕೈಗೂ ಬಗ್ಗುವುದಿಲ್ಲ. ಅಂಗಡಿಯಲ್ಲೇ ಕುಳಿತು, ಆಗಷ್ಟೇ ಗುಣವಾಗಿದ್ದ ಭುಜದಿಂದ, ಮೂರು ಬಗೆಯ ಟಾಯರು ಹಾಕಿ ತೆಗೆದು ನೋಡಿದೆವು. ಮೂರನೆಯದು ಬಗ್ಗಿತು. ಆರಿಸಿದ್ದು ಅದನ್ನೇ.

ಸೆಪ್ಟೆಂಬರಿನ ಒಂದು ಶನಿವಾರ ಜೋಡಣೆಯ ಕೆಲಸ ಅಡಿಗೆಮನೆಯ ನೆಲದ ಮೇಲೆ ನಡೆಯಿತು. ಅಮ್ಮ ಆಗ ಊರಿನಿಂದ ಬಂದಿದ್ದರು. ಭುಜ ಮುರಿದ ಸುದ್ದಿ ಕೇಳಿ ಬಂದವರು ಗಣೇಶನ ಹಬ್ಬ ಕಳೆದರೂ ಹಿಂದಿರುಗಿರಲಿಲ್ಲ. ನಮ್ಮೂರು ಸುಳ್ಯದ ಕಡೆ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಇನ್ನೂರು ರಬ್ಬರು ಮರಗಳಿದ್ದವು, ಈಗಲೂ ಇವೆ. ಅಪ್ಪ ಇರುವಾಗ ಅವರಿಗೊಂದು ಅಟ್ಲಾಸ್ ಸೈಕಲ್ಲು ಇತ್ತು. ಪಂಚರಾದರೆ ಬಾವಿಕಟ್ಟೆಯ ಬಳಿ ಬೋಗುಣಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಏಳುವಲ್ಲಿ ಬೆರಳಿಟ್ಟು, "ಇಲ್ಲಿ ನೋಡು ಮಗಾ" ಎಂದು ನಮಗೆ ತೋರಿಸುತ್ತಿದ್ದರು. ಹಳೆಯ ಟ್ಯೂಬಿನ ಚೂರು, ಸೊಲ್ಯೂಷನ್ನು, ಉಜ್ಜುವ ಕಾಗದ — ಅಷ್ಟರಲ್ಲಿ ಸೈಕಲ್ಲಿನ ವಿದ್ಯೆ ಮುಗಿಯುತ್ತಿತ್ತು.

ಪಟ್ಟಿ ಅಂಟಿಸಿದೆವು, ವಾಲ್ವು ಬಿಗಿದೆವು, ಅಂಟುದ್ರವದ ಶೀಶೆಯ ಮುಚ್ಚಳ ತೆರೆದೆವು. ವಾಸನೆ ಹೊರಟದ್ದೇ ತಡ, ಜಗಲಿಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅಮ್ಮ ತಲೆಯೆತ್ತಿದರು.

"ಎಂತ ಮಗಾ ಇದು? ರಬ್ಬರು ಹಾಲಲ್ಲವೋ?"

ಎದ್ದು ಬಂದು ಶೀಶೆ ಮೂಸಿದರು. "ಹೌದು, ಹಾಲೇ. ಮದ್ದು ಹಾಕಿದ್ದಾರೆ, ಹೆಪ್ಪುಗಟ್ಟದ ಹಾಗೆ. ಡ್ರಮ್ಮಿನಲ್ಲಿ ಕಳಿಸುವಾಗ ಹಾಕುವುದಿಲ್ಲವಾ, ಕಣ್ಣು ಉರಿಯುವ ಮದ್ದು, ಅದೇ." ಅಮ್ಮ ಹೇಳಿದ್ದು ಅಮೋನಿಯಾ. ಶೀಶೆಯ ಮೇಲೆ ಓದಿದರೆ ನೈಸರ್ಗಿಕ ಲೇಟೆಕ್ಸ್, ಅಮೋನಿಯಾ ಎಂದೇ ಇತ್ತು. ಬೇರೆ ಪದಾರ್ಥಗಳಿಂದ ಮಾಡಿದ ದ್ರವಗಳೂ ಉಂಟು. ಆದರೆ ಸೈಕಲಿನವರು ಬಳಸುವುದರಲ್ಲಿ ಬಹುಪಾಲು ಈ ಮರದ ಹಾಲೇ.

ಅದು ತೂತನ್ನು ಹೇಗೆ ಮುಚ್ಚುತ್ತದೆಂದು ಅಮ್ಮನಿಗೆ ಹೇಳಲು ಹೊರಟೆವು. ಅವರು ತಡೆದರು. "ನನಗೆ ಹೇಳುತ್ತೀಯೋ? ಬೆಳಗ್ಗೆ ಬಿಸಿಲೇರುವ ಮೊದಲು ಮರಕ್ಕೆ ಗೀರು ಹಾಕುತ್ತೇವೆ. ಹಾಲು ಇಳಿದು ಗೆರಟೆಗೆ ಬೀಳುತ್ತದೆ. ಹೊತ್ತೇರಿದ ಹಾಗೆ ಗೀರಿನಲ್ಲೇ ಹೆಪ್ಪುಗಟ್ಟಿ ಗಾಯ ಮುಚ್ಚಿಕೊಳ್ಳುತ್ತದೆ. ಮುಂದಿನ ಸಲ ಆ ಒಣಗಿದ ಬಳ್ಳಿಯನ್ನು ಎಳೆದು ತೆಗೆದು ಮತ್ತೆ ಗೀರಬೇಕು. ಮರ ತನ್ನ ಗಾಯಕ್ಕೆ ಮಾಡಿಕೊಂಡದ್ದನ್ನು ನೀನು ಚಕ್ರಕ್ಕೆ ಹಾಕುತ್ತಿದ್ದೀಯ."

ಮುಂಬಯಿಯ, ಪರದೇಶದ ಎಷ್ಟೋ ಪಂಡಿತರ ಬರಹ ಓದಿದ್ದೆವು. ಇಷ್ಟು ಸ್ಪಷ್ಟವಾಗಿ ಯಾರೂ ಬರೆದಿರಲಿಲ್ಲ. ಮನೆಯವರು ಒಲೆಯ ಮುಂದಿನಿಂದ ತಿರುಗಿ ನೋಡಿದರು. ಅವರು ಹುಟ್ಟಿ ಬೆಳೆದದ್ದು ದಾದರಿನಲ್ಲಿ. ರಬ್ಬರು ಮರವನ್ನು ನೋಡಿದ್ದು ಮದುವೆಯಾಗಿ ಬಂದ ಮೇಲೆ. ಅವರ ಎರಡನೆಯ ಪ್ರಶ್ನೆಗೆ ಆ ದಿನ ಅಮ್ಮನಿಂದ ಉತ್ತರ ಸಿಕ್ಕಿತೆಂದು ತೋರುತ್ತದೆ, ಏಕೆಂದರೆ ಆಮೇಲೆ ಅವರು ನಮ್ಮನ್ನು ಆ ಕುರಿತು ಕೇಳಲಿಲ್ಲ. ಅಮ್ಮನನ್ನು ಮಾತ್ರ ಕೇಳಿದರು: "ಅತ್ತೆ, ಆ ಹಾಲು ಎಷ್ಟು ದಿನ ಹಾಲಾಗಿ ಇರುತ್ತದೆ?"

"ಅದು ಸೆಕೆಯ ಮೇಲೆ ಹೋಗುತ್ತದೆ ಮಗಳೇ. ನಿಮ್ಮೂರಿನ ಸೆಕೆಯಲ್ಲಿ ಬಹಳ ದಿನ ಇರಲಿಕ್ಕಿಲ್ಲ."

ಟಾಯರು ರಿಮ್ಮಿನ ಮೇಲೆ ಕೂರಬೇಕಾದರೆ ಒಮ್ಮೆಗೇ ಬಹಳ ಗಾಳಿ ನುಗ್ಗಬೇಕು. ಕೈಪಂಪಿನಿಂದ ಮುನ್ನೂರು ಸಲ ಒತ್ತಿದೆವು. ಬಂದ ಗಾಳಿ ಬಂದ ಹಾಗೆ ಹೋಯಿತು. ಕೊನೆಗೆ ಎರಡು ಚಕ್ರಗಳನ್ನೂ ಹೆಗಲಿಗೆ ಹಾಕಿಕೊಂಡು, ವಾಲ್ವಿನ ತಲೆಗೆ ಹಿತ್ತಾಳೆಯ ಟೋಪಿ ತೊಡಿಸಿ, ಪೆಟ್ರೋಲು ಬಂಕಿಗೆ ಹೋದೆವು. ಅಂಚಿಗೆ ಸೋಪಿನ ನೀರು ಸವರಿ, ವಾಲ್ವಿನ ಒಳತಿರುಳು ತೆಗೆದು ಗಾಳಿ ಬಿಟ್ಟಾಗ 'ಪಟ್, ಪಟ್' ಎಂದು ಎರಡು ಸದ್ದಾಯಿತು. ಸರದಿಯಲ್ಲಿ ನಿಂತಿದ್ದ ರಿಕ್ಷಾದವರು ಕಿವಿ ಮುಚ್ಚಿಕೊಂಡರು. ಆ ಸದ್ದು ಕೇಳಿಸಿದರೆ ಟಾಯರು ಕುಳಿತಿತೆಂದು ಅರ್ಥ.

ಮಳೆಗಾಲದ ಕೊನೆಯ ವಾರಗಳನ್ನು 33ರ ಮುಳ್ಳುಟಾಯರಿನಲ್ಲಿ ಕಳೆದೆವು. ನಮ್ಮ ತೂಕ 74 ಕಿಲೋ. ಹಳೆಯ 28ರ ಟಾಯರಿಗೆ 95 ಪೌಂಡು ಹಾಕುತ್ತಿದ್ದವರು ಇದಕ್ಕೆ 35 ಹಾಕಿದೆವು. ಆರೇಯ ಕೆಸರಿನಲ್ಲಿ ಚಕ್ರ ನೆಲವನ್ನು ಅಂಗೈಯಿಂದ ಹಿಡಿದ ಹಾಗೆ ಹಿಡಿಯಿತು. ಆಸೆಯಾಗಿ 25ಕ್ಕೆ ಇಳಿಸಿದೆವು. ಒಂದು ತಿರುವಿನಲ್ಲಿ ಟಾಯರು ಮಗ್ಗುಲಿಗೆ ಬಾಗಿ ಅಂಚಿನಿಂದ ಒಂದು ಬುಸ್ ಗಾಳಿ ಬಿಟ್ಟಿತು. ಸವಾರರು ಇದನ್ನು ಟಾಯರಿನ ತೇಗು ಎನ್ನುತ್ತಾರೆ. ತೇಗು ಬಂದ ಮೇಲೆ ಇಳಿಸುವುದನ್ನು ನಿಲ್ಲಿಸಬೇಕು. 30ಕ್ಕೆ ನಿಂತೆವು.

ಕೆಸರಿಗೆ ಇದರಂಥದು ಇಲ್ಲ ಎಂದು ನಾವು ಎಲ್ಲಿ ಬೇಕಾದರೂ ಹೇಳುತ್ತೇವೆ. ಡಾಂಬರಿಗೆ ಹಾಗೆ ಹೇಳಲಾರೆವು. ಸಪೂರ ಟಾಯರಿನಲ್ಲಿ ಗಾಳಿಯ ಒತ್ತಡ ಹೆಚ್ಚು. ತೂತಾದರೆ ಹಾಲು ಹೆಪ್ಪುಗಟ್ಟುವ ಮೊದಲೇ ಚಿಮ್ಮಿ ಹೋಗಿ ಬಟ್ಟೆಯೆಲ್ಲ ಚುಕ್ಕೆಯಾಗುತ್ತದೆ. 30ರ ಟಾಯರು, 60 ಪೌಂಡು ಇದ್ದರೆ ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ಮರೀನ್ ಡ್ರೈವಿಗೆ ಹೋಗಿ ಬರುವವರು ಮಾತ್ರ ಟ್ಯೂಬಿನಲ್ಲೇ ಇರಲಿ. ನಿಂತ ಸೈಕಲಿನಲ್ಲಿ ಹಾಲು ಒಣಗುತ್ತದೆ, ಅಷ್ಟೇ ಲಾಭ.

ಡಿಸೆಂಬರಿನಲ್ಲಿ 200 ಕಿಲೋಮೀಟರಿನ ಬ್ರೆವೆ ಎಂಬ ದೂರಸವಾರಿಗೆ ಹೆಸರು ಕೊಟ್ಟೆವು. ಇದರ ಕಟ್ಟಳೆ ಪ್ಯಾರಿಸಿನದು: 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು, ದಾರಿಯಲ್ಲಿ ಕೆಟ್ಟದ್ದನ್ನು ತಾನೇ ಸರಿಮಾಡಿಕೊಳ್ಳಬೇಕು. ಘೋಡ್‌ಬಂದರ್ ರಸ್ತೆ ಮುಗಿದು, ಅಹಮದಾಬಾದ್ ಹೆದ್ದಾರಿಗೆ ತಿರುಗಿ, ವಿರಾರಿನ ಕಡೆ ದಾಟಿದ ಮೇಲೆ ಹಿಂದಿನ ಚಕ್ರದಿಂದ 'ಚಿಸ್, ಚಿಸ್' ಎಂದು ಸದ್ದು ಬಂತು. ನೋಡಿದರೆ ಚಕ್ರ ಸುತ್ತಿದಂತೆ ಬಿಳಿಯ ಹಾಲು ಎಳೆಯಾಗಿ ಹಾರುತ್ತಿದೆ. ಲಾರಿಯ ಟಾಯರು ಸಿಡಿದಾಗ ಉದುರುವ ಕೂದಲಿನಂಥ ಉಕ್ಕಿನ ತಂತಿ ಚುಚ್ಚಿತ್ತು; ಹೆದ್ದಾರಿಯ ಅಂಚಿನಲ್ಲಿ ಸವಾರರಿಗೆ ಅದೇ ದೊಡ್ಡ ಶತ್ರು. ಇಳಿದೆವು. ತಂತಿಯನ್ನು ಎಳೆದು, ತೂತು ಕೆಳಗೆ ಬರುವಂತೆ ಚಕ್ರ ನಿಲ್ಲಿಸಿ, ಬೆರಳಿಟ್ಟು ನಿಂತೆವು. ಬೋಗುಣಿಯ ನೀರಿಲ್ಲ, ಸೊಲ್ಯೂಷನ್ನಿಲ್ಲ. ಲಾರಿಗಳು ಗಾಳಿಯೆಬ್ಬಿಸಿ ಹೋಗುತ್ತಿದ್ದವು. ಎಣಿಸುತ್ತ ನಿಂತೆವು. ನೂರು ದಾಟುವುದರೊಳಗೆ ಬೆರಳಿನ ಕೆಳಗೆ ಒದ್ದೆ ನಿಂತು, ಒಂದು ಚಿಕ್ಕ ಗುಬುಟು ಕೈಗೆ ಹತ್ತಿತು. ಹತ್ತು ಪೌಂಡು ಗಾಳಿ ಹೋಗಿತ್ತು. ಪಂಪಿನಿಂದ ತುಂಬಿಸಿ ಹೊರಟೆವು. ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಮುಗಿಸಿದೆವು. ಆ ಗುಬುಟು ಟಾಯರಿನಲ್ಲಿ ಇನ್ನೂ ಇದೆ.

ರಾತ್ರಿ ಮನೆಗೆ ಬಂದು ಹೇಳಿದಾಗ ಮನೆಯವರು ಸಮಯದ ಮಾತು ಕೇಳಲಿಲ್ಲ. "ಗಾಳಿ ಹೋದಾಗ ಚಕ್ರ ಜಾರಿತೇ?" ಎಂದರು. ಇಲ್ಲ, ನಿಧಾನವಾಗಿ ಹೋಯಿತು, ಇಳಿಯಲು ಸಮಯ ಸಿಕ್ಕಿತು ಎಂದೆವು. "ಸರಿ" ಎಂದು ಬಿಸಿನೀರು ಕಾಯಿಸಲು ಎದ್ದುಹೋದರು.

ಅಮ್ಮ ಹೇಳಿದ್ದ ಸೆಕೆಯ ಮಾತನ್ನು ನಾವು ಅಷ್ಟಾಗಿ ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಮೇ ತಿಂಗಳ ಒಂದು ಬೆಳಗ್ಗೆ, ಆರೇಯ ದಾರಿಯಲ್ಲಿ ಒಂದು ಜಾಲಿಮುಳ್ಳಿಗೆ ಹಿಂದಿನ ಚಕ್ರ ಪೂರ್ತಿ ಕೂತುಬಿಟ್ಟಿತು. ಬಿಚ್ಚಿ ನೋಡಿದರೆ ಒಳಗೆ ಹಾಲಿಲ್ಲ. ಗೋಡೆಗೆ ತೆಳ್ಳಗೆ ಅಂಟಿದ ಪೊರೆ, ಮೂಲೆಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ರಬ್ಬರು ಉಂಡೆ. ಮೂರು ತಿಂಗಳಿಂದ ನಾವು ಒಳಗೆ ಏನೂ ಇಲ್ಲದ ಚಕ್ರದ ಮೇಲೆ, ಎಲ್ಲವೂ ಇದೆ ಎಂಬ ಧೈರ್ಯದಲ್ಲಿ ಹೆದ್ದಾರಿಯಲ್ಲಿ ಓಡಾಡಿದ್ದೆವು. ಹೆಬ್ಬೆರಳಿಂದ ಟಾಯರು ಬಿಚ್ಚಿ, ಚೀಲದಲ್ಲಿದ್ದ ಟ್ಯೂಬು ತುರುಕಿ ಮನೆಗೆ ಬಂದೆವು. ಚಾಚಾ ಅವರಿಗೆ ಮನಸ್ಸಿನಲ್ಲೇ ಕೈಮುಗಿದೆವು.

ಇದನ್ನು ಮನೆಯಲ್ಲಿ ಮುಚ್ಚಿಡಲಿಲ್ಲ. ಬಸ್ಸಿನ ವಿಷಯ ಮುಚ್ಚಿಟ್ಟು ಒಮ್ಮೆ ಅನುಭವಿಸಿದ್ದಾಗಿತ್ತು. ಮನೆಯವರು ಉಂಡೆಯನ್ನು ಅಂಗೈಯಲ್ಲಿಟ್ಟು ನೋಡಿದರು. ಮಗಳು ಅದನ್ನು ಚೆಂಡಿನ ಹಾಗೆ ಪುಟಿಸಿದಳು. ಆಮೇಲೆ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸಿನ ಸಿಲಿಂಡರು ಬಂದ ತಾರೀಕು ಬರೆಯುವ ಕಡೆ, ಆರಾರು ವಾರಕ್ಕೊಮ್ಮೆ ಚಕ್ರದ ಗುರುತು ಬಿತ್ತು. ಆ ದಿನ ವಾಲ್ವಿನ ತಿರುಳು ಬಿಚ್ಚಿ, ಒಂದು ಸಪೂರ ಕಡ್ಡಿ ಇಳಿಸಿ, ಎಷ್ಟು ಒದ್ದೆಯಾಯಿತೆಂದು ಅವರಿಗೆ ತೋರಿಸಬೇಕು. ಬೆಳಕಿಗೆ ಹಿಡಿದು ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಸೋಮವಾರ ಸೈಕಲ್ಲು ಮೆಟ್ಟಿಲು ಇಳಿಯುವುದು.

ಈಗ ಮಳೆ ಹಿಡಿದಿದೆ. ಮುಳ್ಳುಟಾಯರು ಮತ್ತೆ ಏರಿದೆ. ಊರಿನಲ್ಲಿ ಗೀರುವ ಮರಗಳಿಗೆ ನೀರು ಇಳಿಯದಂತೆ ಪ್ಲಾಸ್ಟಿಕ್ಕಿನ ಲಂಗ ಕಟ್ಟಿಸಿ ಆಯಿತೆಂದು ಅಮ್ಮ ಮೊನ್ನೆ ಫೋನಿನಲ್ಲಿ ಹೇಳಿದರು. ಮಳೆ, ಅಡಿಕೆಯ ಕೊಳೆರೋಗ, ಮೊಮ್ಮಗಳ ಶಾಲೆ ಎಲ್ಲ ವಿಚಾರಿಸಿ, ಇಡುವ ಮೊದಲು, "ಚಕ್ರಕ್ಕೆ ಹಾಲು ಹಾಕಿದೆಯೋ?" ಎಂದು ಕೇಳಿದರು. ಹಾಕಿದ್ದೇನೆ ಎನ್ನುವಷ್ಟರಲ್ಲಿ ಮನೆಯವರು ಅಡಿಗೆಮನೆಯಿಂದ, "ಹದಿನೇಳನೆಯ ತಾರೀಕಿಗೆ ಅತ್ತೆ" ಎಂದು ಕೂಗಿ ಹೇಳಿದರು.